ಎದುರು ಕೂತವರ ಡಬಲ್

ಯಲಹಂಕ
೯ ಆಗಸ್ಟ್ ೨೦೨೪, ನಾಗರ ಪಂಚಮಿ

ಚಿರಂಜೀವಿ ಸೌಭಾಗ್ಯವತಿ ಶಶಿರೇಖಾಳಿಗೆ ನಿನ್ನ ತಾಯಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಬೆಳಿಗ್ಗೆ ನಾಗರಕಲ್ಲಿಗೆ ತನಿ ಎರೆದು ಬಂದೆ. ನಿಮ್ಮಪ್ಪ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದಾರೆ, ನಾನು ಒಳಗೆ ಬರೆಯುತ್ತಿದ್ದೇನೆ. ಯಲಹಂಕದಿಂದ ಆರ್.ಟಿ. ನಗರಕ್ಕೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನೀನು ನಗಬಹುದು. ಫೋನಿನಲ್ಲಿ ಆಡಿದ ಮಾತು ಈ ಮನೆಯಲ್ಲಿ ಜಗಲಿಗೂ ಕೇಳಿಸುತ್ತದೆ. ಅದೂ ಅಲ್ಲದೆ, ಮೊನ್ನೆ ನೀನು ಫೋನಿನಲ್ಲಿ ಮಾತನಾಡಿದ ರೀತಿಗೆ ನಾನಾಗಿ ನಿನಗೆ ಮತ್ತೆ ಫೋನ್ ಮಾಡುವವಳಲ್ಲ. "ಅಮ್ಮ, ಯಾಕಮ್ಮ ಇಂಥ ಕೆಲ್ಸ ಮಾಡ್ದೆ? ಇವ್ರು ಕಮಿಟೀಲಿ ತಲೆ ಎತ್ತೋ ಹಾಗಿಲ್ಲ" ಎಂದು ಕೂಗಿದೆ. ಹೆತ್ತವಳ ಮೇಲೆ ಕೂಗುವುದನ್ನು ನಿನ್ನ ಶಾಲೆಯ ಮಕ್ಕಳಿಗೆ ಕಲಿಸಬೇಡ.

ಈ ಪತ್ರವನ್ನು ಶಾಲೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಅಳಿಯಂದಿರ ಕೈಗೆ ಸಿಕ್ಕಬಾರದು. ಸತೀಶ್ ಒಳ್ಳೆಯವರು, ಅದೇ ಕಷ್ಟ. ಗೊತ್ತಾದದ್ದನ್ನು ಬ್ರಿಜ್ ಕ್ಲಬ್ಬಿನ ಕಮಿಟಿಯಲ್ಲಿ ಮುಚ್ಚಿಟ್ಟುಕೊಂಡು ಕೂರುವ ಮನುಷ್ಯ ಅವರಲ್ಲ.

ನಿನ್ನ ಕೋಪಕ್ಕಾಗಿ ನಾನು ಬರೆಯುತ್ತಿಲ್ಲ. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದೆಯಲ್ಲ, ಅದಕ್ಕಾಗಿ. ನನ್ನನ್ನು ಒಂದು ವರ್ಷ ಕ್ಲಬ್ಬಿನಿಂದ ಹೊರಗಿಟ್ಟಿರುವುದರಿಂದ ಅಪ್ಪ ಜೋಡಿಯಿಲ್ಲದೆ ಬೇಸರದಲ್ಲಿದ್ದಾರೆ, ತಿಂಗಳ ಕೊನೆಯ ಪಂದ್ಯಕ್ಕೆ ಸತೀಶ್ ಮಾವನ ಜೊತೆ ಕೂರುತ್ತಾರೆ ಎಂದೆ. ಶಶಿ, ಅದು ಆಗಕೂಡದು. ಏಕೆಂದು ಹೇಳದಿದ್ದರೆ ನೀನು ಕೇಳುವವಳಲ್ಲ, ಆದ್ದರಿಂದ ಹೇಳುತ್ತೇನೆ. ನೀನು ಎಂದೂ ಇಸ್ಪೀಟಿನ ಎಲೆ ಮುಟ್ಟಿದವಳಲ್ಲ. ಹಾಗಾಗಿ ಬಿಡಿಸಿ ಬರೆಯಬೇಕಾಗಿದೆ.

ಬ್ರಿಜ್ ಆಟದಲ್ಲಿ ಎದುರು ಬದುರು ಕೂತವರು ಜೋಡಿ. ನನ್ನ ಕೈಯಲ್ಲಿ ಏನಿದೆ ಎಂದು ಬಾಯಲ್ಲಿ ಹೇಳುವಂತಿಲ್ಲ, ಕಣ್ಣಲ್ಲಿ ಹೇಳುವಂತಿಲ್ಲ. ಕೂಗುವ ಸವಾಲಿನಲ್ಲೇ ತಿಳಿಸಬೇಕು. ಆ ಸವಾಲುಗಳಲ್ಲಿ ಡಬಲ್ ಎನ್ನುವುದೊಂದಿದೆ, ಕೆಂಪು ಚೀಟಿ. ಎದುರಾಳಿ ಎತ್ತರಕ್ಕೆ ಸವಾಲು ಹಾಕಿದಾಗ ಅದನ್ನು ಇಟ್ಟರೆ, ಇವರು ಸೋಲುತ್ತಾರೆ, ಹೊಡೆಯೋಣ ಎಂದು. ಆದರೆ ಎದುರಾಳಿ ಆಗ ತಾನೇ ಬಾಯಿ ತೆರೆದು ಚಿಕ್ಕದಾಗಿ ಒಂದು ಆಟೀನು, ಆ ಕೆಂಪು ಹೃದಯದ ಎಲೆ, ಎಂದಾಗ ಇಟ್ಟರೆ ಅದು ಹೊಡೆಯುವ ಮಾತಲ್ಲ, ಕೇಳುವ ಮಾತು. ನನಗೆ ಆಟೀನು ಕಡಿಮೆ, ಕೈ ಮಾತ್ರ ಬಲವಾಗಿದೆ, ನಿನ್ನ ಹತ್ತಿರ ಯಾವುದು ಹೆಚ್ಚಿದೆಯೋ ಹೇಳು ಎಂದು. ನಮ್ಮ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ವಾಯುಪಡೆಯ ಗಂಡ ಹೆಂಡತಿ ನಮಗೆ ಮೊದಲು ಕಲಿಸಿದ್ದೇ ಇದನ್ನು. ಆಗ ನಿನ್ನ ಅಜ್ಜಿ ಬೀದಿಯವರಿಗೆಲ್ಲ ಕೇಳುವಂತೆ, "ಎಸ್ಸೆಸ್ಸೆಲ್ಸಿ ಓದಿರೋ ಸೊಸೆ ತಂದಿದ್ಕೆ ಗಂಡನ್ ಎದ್ರುಗೇ ಕುಂತ್ಕಂಡ್ ಇಸ್ಪೀಟ್ ಆಡ್ತಾವ್ಳೆ" ಎಂದು ಆಡಿಕೊಂಡರು. ನಾನು ಏಳಲಿಲ್ಲ. ಮೂವತ್ತು ವರ್ಷ ನಿಮ್ಮಪ್ಪ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿದ್ದೇನೆ. ಮನೆಯಲ್ಲಿ ಅವರು ಏನನ್ನೂ ಕೇಳಿದವರಲ್ಲ. ಆ ಮೇಜಿನ ಮೇಲೆ ಮಾತ್ರ ಕೇಳುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಹೀಗೆಯೇ ಕೇಳಿದರು. ನಾನು ಕಪ್ಪು ಇಸ್ಪೀಟು ಎಂದೆ. ನೋಡಿದರೆ ಅವರ ಕೈಯಲ್ಲಿ ಇಸ್ಪೀಟು ಒಂದೇ ಎಲೆ, ಆಟೀನೇ ತುಂಬಿಕೊಂಡಿತ್ತು. ಹೀನಾಯವಾಗಿ ಸೋತೆವು. "ಡಬಲ್ ಅಂದ್ಮೇಲೆ ಯಾಕ್ ಬಾಯ್ ಬಿಟ್ಟೆ?" ಎಂದು ನನ್ನ ಮೇಲೆಯೇ ರೇಗಿದರು. ಎಲ್ಲೋ ಗಮನ ತಪ್ಪಿತೆಂದುಕೊಂಡೆ. ಮುಂದಿನ ಸಲವೂ ಹಾಗೆಯೇ ಆಯಿತು. ಆಗ ನನಗೆ ಅಟ್ಟೂರಿನ ಕೆರೆ ಏರಿ ನೆನಪಾಯಿತು. ಮದುವೆಗೆ ಮುಂಚೆ ಅಲ್ಲಿ ಕೂತು ಗೆಳೆಯ ಶೇಖರಪ್ಪನವರ ಜೊತೆ ಇಪ್ಪತ್ತೆಂಟು ಎಂಬ ಎಲೆಯಾಟ ಆಡುತ್ತಿದ್ದರಂತೆ. ಆ ಆಟದಲ್ಲಿ ಡಬಲ್ ಎಂದರೆ ಒಂದೇ ಅರ್ಥ, ನಿನ್ನ ಕೈಲಾಗಲ್ಲ ಹೋಗೋ ಎಂದು. ನಿಮ್ಮಪ್ಪ ಅಲ್ಲಿಗೆ ಹೋಗಿಬಿಟ್ಟಿದ್ದರು, ಶಶಿ. ನಾನು ಬರುವುದಕ್ಕೆ ಮುಂಚಿನ ಕಾಲಕ್ಕೆ.

ಸಕ್ಕರೆ ಪರೀಕ್ಷೆ ಎಂದು ಸುಳ್ಳು ಹೇಳಿ ಹೆಬ್ಬಾಳದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಮರೆವಿನ ಕಾಯಿಲೆ ಎಂದರು. ತಡವಾಗಿ ಕಲಿತದ್ದು ಮೊದಲು ಹೋಗುತ್ತದೆ, ಹಳೆಯದು ಕೊನೆಯವರೆಗೂ ನಿಲ್ಲುತ್ತದೆ ಎಂದರು. ಮಾತ್ರೆ ಕೊಟ್ಟಿದ್ದಾರೆ. ಬಿ.ಪಿ. ಮಾತ್ರೆಯ ಜೊತೆ ಸೇರಿಸಿ ಕೊಡುತ್ತಿದ್ದೇನೆ.

ಕ್ಲಬ್ಬಿನಲ್ಲಿ ನನ್ನ ಹೆಸರು ಕೆಟ್ಟ ಆ ದಿನ ನಡೆದದ್ದು ಇದು. ನಮ್ಮ ಎದುರಾಳಿಗಳು ಶೇಖರಪ್ಪನವರು ಮತ್ತು ಅವರ ಜೋಡಿ ರೂಬಿ. ಶೇಖರಪ್ಪನವರು ಒಂದು ಆಟೀನು ಎಂದರು. ನಿಮ್ಮಪ್ಪ ಕೆಂಪು ಚೀಟಿ ಇಟ್ಟರು. ಏನು ಇದರ ಅರ್ಥ ಎಂದು ರೂಬಿ ನನ್ನನ್ನು ಕೇಳಿದಳು. ಕೇಳುವುದು ಅವಳ ಹಕ್ಕು, ಹೇಳುವುದು ನನ್ನ ಕರ್ತವ್ಯ. ಆಟೀನು ಕಡಿಮೆ, ನನಗೆ ಮಾತನಾಡು ಎನ್ನುತ್ತಿದ್ದಾರೆ ಎಂದೆ. ಅವಳು ಪಾಸ್ ಎಂದಳು. ನನ್ನ ಕೈಯಲ್ಲಿ ಐದು ಇಸ್ಪೀಟು ಇತ್ತು. ಮೊದಲ ದಿನ ಕಲಿಯಲು ಬಂದವರೂ ಇಸ್ಪೀಟು ಎನ್ನುತ್ತಾರೆ. ಇದು ಕೆರೆ ಏರಿಯ ಡಬಲ್ ಇರಬೇಕೆಂದು ನಾನು ಪಾಸ್ ಎಂದೆ.

ಶೇಖರಪ್ಪನವರು ಮಣ್ಣು ಮುಕ್ಕಿದರು. ಆಟೀನಿನ ಎಕ್ಕ, ರಾಜ, ರಾಣಿ ಮೂರೂ ನಿಮ್ಮಪ್ಪನ ಕೈಯಿಂದ ಒಂದೊಂದಾಗಿ ಬಿದ್ದಾಗ ಅವರು ಎದ್ದು ನಿಂತರು. "ಅತ್ಗೆ, ಯೋಳಿದ್ದೊಂದು, ಆಡಿದ್ದೊಂದು! ಏನ್ ಸನ್ನೆ ಇಟ್ಕಂಡಿದ್ದೀರಾ ಗಂಡ ಎಂಡ್ತಿ?" ಎಂದರು. ಅದೇ ಕೆರೆ ಏರಿಯ ಮೇಲೆ ಕೂತು ಆಡಿದ ಮನುಷ್ಯ. ಅವರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ತೀರ್ಪು ಹೇಳುವ ಹುಡುಗಿ ಬಂದಳು. ಜೋಡಿಯ ಬಗ್ಗೆ ನಿಮಗೆ ಗೊತ್ತಿರುವುದೆಲ್ಲ ಎದುರಾಳಿಗೂ ಗೊತ್ತಿರಬೇಕು ಆಂಟಿ, ನಿಮಗೆ ಮಾತ್ರ ಗೊತ್ತಿದ್ದದ್ದು ಏನಾದರೂ ಇತ್ತೇ ಎಂದು ಮೆತ್ತಗೆ ಕೇಳಿದಳು. ನಿಯಮ ಸರಿಯಾಗಿಯೇ ಇದೆ. ಇವರಿಗೆ ಮರೆವು ಶುರುವಾಗಿದೆ ಎಂದಿದ್ದರೆ ಅಂಕ ತಿದ್ದಿ, ನನ್ನ ಭುಜ ತಟ್ಟಿ ಕಳಿಸುತ್ತಿದ್ದರು. ಅಕ್ಕಪಕ್ಕದ ಮೇಜಿನವರೂ ತಿರುಗಿ ನೋಡುತ್ತಿದ್ದರು. ನಿಮ್ಮಪ್ಪ ನನ್ನ ಎದುರಿಗೇ ಕೂತು ಗೆದ್ದ ಎಲೆಗಳನ್ನು ನೀಟಾಗಿ ಜೋಡಿಸುತ್ತಿದ್ದರು. ಈ ಊರಿನಲ್ಲಿ ಪಂಚಾಯಿತಿ ಮಾಡಿದವರು. ಇವತ್ತಿಗೂ ಅಟ್ಟೂರಿನಲ್ಲಿ ಗಡಿಯ ಜಗಳ ಬಂದರೆ ಅವರ ನೆನಪಿನ ಮೇಲೆ ಕಲ್ಲು ನೆಡುತ್ತಾರೆ. ಅವರ ಮುಂದೆ ಆ ಮಾತನ್ನು ನಾನು ಹೇಗೆ ಆಡಲಿ?

ಸುಮ್ಮನಿದ್ದಿದ್ದರೆ ಸನ್ನೆ ಮಾಡಿದರೆಂದು ಇಬ್ಬರ ಹೆಸರೂ ಹೋಗುತ್ತಿತ್ತು. ಎಲೆ ಹಂಚಿದ ಮೇಲೆ, ಸವಾಲಿಗೆ ಮುಂಚೆ ನಾನು ನೀರು ಕುಡಿಯಲು ಎದ್ದದ್ದನ್ನು ಎಲ್ಲರೂ ನೋಡಿದ್ದರು. "ಇವರದೇನೂ ಇಲ್ಲ. ನೀರಿಗೆ ಎದ್ದಾಗ ಇವರ ಬೆನ್ನ ಹಿಂದೆ ನಿಂತು ಎಲೆ ನೋಡಿದೆ" ಎಂದೆ.

ಅಷ್ಟೇ. ಕಮಿಟಿಗೆ ಬೇರೇನೂ ಬೇಕಾಗಲಿಲ್ಲ. ಅಳಿಯಂದಿರೂ ಸಹಿ ಹಾಕಿದರು. ಹಾಕದೆ ಇದ್ದಿದ್ದರೆ ನಾನೇ ಬೈಯುತ್ತಿದ್ದೆ.

ಸಹಕಾರನಗರದ ಕ್ಲಬ್ಬಿನಿಂದ ಆಟೋದಲ್ಲಿ ಬಂದೆವು. ಕೋಗಿಲು ಕ್ರಾಸ್ ದಾಟಿದ ಮೇಲೆ ನಿಮ್ಮಪ್ಪ, "ಮೂವತ್ ವರ್ಷ ನನ್ ಎದ್ರುಗೆ ಕುಂತಿದ್ದೆ. ಎಷ್ಟ್ ಸಲ ನೋಡಿದ್ದೆ ನನ್ ಎಲೇನ?" ಎಂದರು. ಗೆದ್ದ ಆಟಗಳನ್ನೆಲ್ಲ ಆ ಒಂದು ಮಾತಿನಲ್ಲಿ ವಾಪಸು ತೆಗೆದುಕೊಂಡರು. ಅಂದಿನಿಂದ ನನ್ನ ಕೈಯ ಕಾಫಿ ಕುಡಿಯುತ್ತಾರೆ, ಮುಖ ನೋಡುವುದಿಲ್ಲ. ನಿನ್ನೆ ಕನ್ನಡಕ ಎಲ್ಲಿಟ್ಟೆ ಎನ್ನುವುದು ಮರೆಯುತ್ತಾರೆ, ಸಂಬಳದ ದಿನ ಮನೆಗೆಲಸದ ಮುನಿಕೆಂಪಮ್ಮನ ಹೆಸರು ಮರೆಯುತ್ತಾರೆ. ಇದೊಂದನ್ನು ಮಾತ್ರ ಮರೆಯುತ್ತಿಲ್ಲ. ಡಾಕ್ಟರನ್ನು ಕೇಳಬೇಕೆಂದುಕೊಂಡೆ, ಇದು ಯಾವಾಗ ಹೋಗುತ್ತದೆ ಎಂದು. ಅಂಥ ಪ್ರಶ್ನೆ ಕೇಳುವ ಹೆಂಡತಿ ಎಂಥವಳು ಎಂದುಕೊಂಡು ಸುಮ್ಮನಾದೆ.

ಈಗ ತಿಳಿಯಿತೇ? ಸತೀಶ್ ಎದುರಿಗೆ ಕೂತರೆ ಒಂದು ಮಧ್ಯಾಹ್ನ ಸಾಕು. ಅವರ ಕಣ್ಣಿಗೆ ಬೀಳುತ್ತದೆ, ಬಿದ್ದರೆ ಎಲ್ಲರಿಗೂ ತಿಳಿಯುತ್ತದೆ. ಪಾಪ ಎಂದು ನಿಮ್ಮಪ್ಪನ ಕೈ ಹಿಡಿದು ಕುರ್ಚಿ ತೋರಿಸುತ್ತಾರೆ. ಏನಾದರೂ ನೆಪ ಹೇಳಿ ತಪ್ಪಿಸು. ಅಮ್ಮನ ಮೇಲೆ ಸಿಟ್ಟು, ತವರಿನ ಸಹವಾಸವೇ ಬೇಡ ಎಂದರೂ ಆದೀತು, ನಂಬುತ್ತಾರೆ. ಎಲ್ಲರಿಗೂ ಗೊತ್ತಾಗುವ ದಿನ ಬರುತ್ತದೆ, ನಾನೇನು ಮೂರ್ಖಳಲ್ಲ. ಅಷ್ಟು ಹೊತ್ತಿಗೆ ನಾಚಿಕೆಪಡುವುದನ್ನೂ ಅವರು ಮರೆತಿರಲಿ. ಅಲ್ಲಿಯವರೆಗೆ ತಡೆದರೆ ಸಾಕು.

ನನಗಾಗಿ ಕಮಿಟಿಗೆ ಕ್ಷಮೆ ಪತ್ರ ಬರೆಯುತ್ತೇನೆ ಎಂದೆಯಲ್ಲ, ಅದೂ ಬೇಡ. ಓದಿ ಅಳುತ್ತಾ ಓಡಿ ಬರಬೇಡ. ವರಮಹಾಲಕ್ಷ್ಮಿ ಹಬ್ಬಕ್ಕೆ ಬರುವ ಹಾಗೆ ಬಾ. ಬಂದಾಗ ನನ್ನ ಜೊತೆ ಸ್ವಲ್ಪ ಬಿಗಿಯಾಗಿಯೇ ಇರು, ಅಪ್ಪ ನೋಡಲಿ.

ನಿನ್ನ ತಾಯಿ
ಮುನಿನಾರಾಯಣಮ್ಮ

ಮರೆತಿದ್ದು: ಪತ್ರ ಮಡಚಿಟ್ಟ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮಧ್ಯಾಹ್ನ ಎಲೆಗೆ ತಂಬಿಟ್ಟು ಹಾಕುವಾಗ ನಿಮ್ಮಪ್ಪ ನನ್ನ ಕೈ ಹಿಡಿದುಕೊಂಡರು. ಎಷ್ಟೋ ದಿನದ ಮೇಲೆ ಮುಖ ನೋಡಿ, "ನಾರಾಯಣಿ, ದಿಟ ಯೋಳು. ನೀನು ನೋಡಿದ್ದೇ ನಿಜ್ವಾ, ಇಲ್ಲಾ ನಾನೇ ಏನಾರಾ ತಪ್ಪಾಗಿ ಇಟ್ನಾ?" ಎಂದರು. ನೋಡಿದ್ದೇ ನಿಜ ಎಂದೆ. ಕೈ ಬಿಟ್ಟರು. ಉಸಿರು ಬಿಟ್ಟು, "ಥೂ ನಿನ್ನ" ಎಂದು, ಇನ್ನೊಂದು ತಂಬಿಟ್ಟು ಹಾಕಿಸಿಕೊಂಡು ತಿಂದರು. ನೀನು ಬಂದಾಗ ನಿನ್ನನ್ನೂ ಕೇಳಿಯೇ ಕೇಳುತ್ತಾರೆ. ಹೌದಪ್ಪ, ಅಮ್ಮ ನೋಡಿದ್ದು ನಿಜ ಎನ್ನು. ಹೇಳುವಾಗ ನನ್ನ ಕಡೆ ನೋಡಬೇಡ.