ಇಪ್ಪತ್ತು ಜೊತೆ ಬೂಟು

ಮಗಳ ಮನೆಯಿಂದ
ಶನಿವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಇವತ್ತು ನನ್ನ ಶನಿವಾರದ ಉಪವಾಸ, ಶಾಲೆಗೂ ರಜೆ. ಸ್ನಾನ, ಪೂಜೆ ಮುಗಿಸಿ, ಪಾತ್ರೆ ತೊಳೆದು, ಬಟ್ಟೆ ಹರವಿ, ಮೊಮ್ಮಗಳಿಗೆ ಜಡೆ ಹಾಕಿ ಈಗಷ್ಟೇ ಕೂತೆ. ನಿಮ್ಮ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಶೀಶೆ ನೋಡಿಯೇ ಸಮಾಧಾನ ಪಡುತ್ತಿದ್ದೀರೋ? ನಿಮ್ಮ ಮಗ ಅನ್ನ ತಳ ಹಿಡಿಸದೆ ಮಾಡಲು ಕಲಿತರೇ? ಕಲಿತಿದ್ದರೆ ದೇವರು ದೊಡ್ಡವನು.

ಅತ್ತೆ, ಮಗಳ ಎರಡನೇ ಬಾಣಂತನಕ್ಕೆಂದು ಪರದೇಶಕ್ಕೆ ಬಂದವಳು ನಾನೀಗ ಟೀಚರ್ ಆಗಿದ್ದೇನೆ. ನಗಬೇಡಿ. ಬರುವ ತಿಂಗಳು ವಾಪಸು ಹೊರಡಬೇಕು, ಮನಸ್ಸೇ ಏಳುತ್ತಿಲ್ಲ. ಮೊದಲ ದಿನ ದೊಡ್ಡ ಮೊಮ್ಮಗಳು ಶಾಲೆಯ ಬಾಗಿಲಲ್ಲಿ ನನ್ನ ಸೆರಗು ಬಿಡದೆ ಅತ್ತಳು. ಟೀಚರಮ್ಮ ನನ್ನನ್ನೂ ಒಳಗೆ ಕರೆದು ಗೇಣುದ್ದದ ಕುರ್ಚಿಯಲ್ಲಿ ಕೂರಿಸಿದರು. ನನ್ನ ಗಾತ್ರ ನಿಮಗೆ ಗೊತ್ತೇ ಇದೆ. ನಾನು ಎದ್ದರೆ ಕುರ್ಚಿಯೂ ಎದ್ದಿತು. ಇಪ್ಪತ್ತು ಮಕ್ಕಳೂ ಬಿದ್ದು ಬಿದ್ದು ನಕ್ಕವು. ಅಂದಿನಿಂದ ಅವಕ್ಕೆ ದಿನಾ ನಾನು ಬೇಕು. ಭಾಷೆ ಬರದಿದ್ದರೇನು, ಮೂಗು ಒರೆಸಲು, ಗುಂಡಿ ಹಾಕಲು ಯಾವ ಭಾಷೆ ಬೇಕು? ‘ಅಜ್ಜೀ’ ಎನ್ನಲು ಎಲ್ಲವೂ ಕಲಿತಿವೆ. ಪೆನ್ಸಿಲ್ ಕಂಡರೆ ಮೇಜಿನಡಿ ಅವಿತುಕೊಳ್ಳುವವಳು ಒಬ್ಬಳಿದ್ದಳು, ಅವಳಿಗೆ ನಾನು ಇಲಿಮರಿ ಎನ್ನುತ್ತೇನೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳು ಹಿಡಿದು, ಟೀಚರಮ್ಮ ಬೋರ್ಡಿನಲ್ಲಿ ಬರೆದದ್ದನ್ನೇ ತಿದ್ದಿಸಿದೆ. ಈಗ ತನ್ನ ಹೆಸರು ಪೂರ್ತಿ ಬರೆಯುತ್ತಾಳೆ!

ಮೊನ್ನೆ ಮಾತ್ರ ಎಡವಟ್ಟಾಯಿತು. ಅಕ್ಷರದ ಮುಂದೆ ಚಪ್ಪಲಿ ಕಾಲಲ್ಲಿ ಕೂರಲು ನನಗೆ ಮನಸ್ಸು ಬಾರದೆ ಹೊರಗೆ ಬಿಟ್ಟೆ. ಅದನ್ನು ನೋಡಿ ಇಪ್ಪತ್ತೂ ಮಕ್ಕಳು ಬೂಟು ಕಳಚಿ ಬಾಗಿಲಲ್ಲಿ ಗುಡ್ಡೆ ಹಾಕಿದವು. ಎಲ್ಲವೂ ಕಪ್ಪು, ಎಲ್ಲವೂ ಅಂಗೈಯಷ್ಟೇ. ಗೇಟಿನಲ್ಲಿ ತಾಯಂದಿರು ಕಾಯುತ್ತಿದ್ದಾರೆ, ನಾನು ನೆಲದಲ್ಲಿ ಕೂತು ಜೋಡಿ ಹುಡುಕುತ್ತಿದ್ದೇನೆ! ಒಬ್ಬಳು ಎರಡೂ ಎಡಗಾಲಿನವನ್ನೇ ಹಾಕಿಕೊಂಡು ಮನೆಗೆ ಹೋದಳು. “ನೋಡ್ತಿರು, ನಾಳೆಯಿಂದ ಬರ್ಲೇಬೇಡಿ ಅಂತಾರೆ ನಿಂಗೆ” ಎಂದು ಮಗಳು ಹೆದರಿಸಿದಳು. ನಿನ್ನೆ ಹೆಡ್‌ಮಿಸ್ಸು ಕರೆಸಿದರು. ದೇವರ ನಾಮ ಹೇಳಿಕೊಳ್ಳುತ್ತಲೇ ಹೋದೆ. ಅವರ ಮಾತನ್ನು ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. ಬೂಟು ಹೊರಗೇ ಇರಲಂತೆ, ಒಳಗೆ ಹೆಸರಿನ ಚೀಟಿ ಅಂಟಿಸುತ್ತಾರಂತೆ. ಬೂಟು ಕಳಚಿದ ದಿನ ಕೂತಷ್ಟು ಹೊತ್ತು ಈ ಮಕ್ಕಳು ಒಂದೆಡೆ ಕೂತದ್ದನ್ನು ಅವರು ಕಂಡೇ ಇರಲಿಲ್ಲವಂತೆ. ಶಾಲೆಯ ವರ್ಷ ಮುಗಿಯುವವರೆಗೂ ಈ ಅಜ್ಜಿ ಇರಲಿ ಅಂದರಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು! ಎಷ್ಟು ಹಿಗ್ಗಿದ್ದೇನೆಂದರೆ ಇವತ್ತು ಹಸಿವೇ ತಿಳಿಯುತ್ತಿಲ್ಲ.

ಇಲ್ಲಿಂದಲೇ ನಿಮ್ಮ ಕಾಲಿಗೆ ಎರಗುವ,
ನಿಮ್ಮ ಸೊಸೆ

ತಾ.ಕ.: ಹೆಡ್‌ಮಿಸ್ಸಿಗೆ ಆಗಲೇ ಹೂಂ ಅಂದುಬಿಟ್ಟಿದ್ದೇನೆ. ನಿಮ್ಮ ಮಗನಿಗೆ ಗೊತ್ತಿಲ್ಲ. ಫೋನು ಮಾಡಿದರೆ ಅವರೇ ಎತ್ತುತ್ತಾರೆ, ಅದಕ್ಕೇ ಈ ಕಾಗದ. ನಾನು ಹೇಳಿದರೆ ಹತ್ತು ಅಡ್ಡಿ ಹುಡುಕುತ್ತಾರೆ, ನೀವು ಹೇಳಿದರೆ ತಲೆ ಆಡಿಸುತ್ತಾರೆ. ಹೊಟ್ಟೆ ತುಂಬಿರುವಾಗ ಹೇಳಿ. ಅಳಿಯನ ತಂಗಿ ತಿಂಗಳ ಕೊನೆಗೆ ಅಲ್ಲಿಂದ ಇಲ್ಲಿಗೆ ಹೊರಡುತ್ತಾಳೆ. ಉತ್ತರ ಬರೆದು ನಿಮ್ಮ ದಿಂಬಿನಡಿಯೇ ಇಟ್ಟುಕೊಳ್ಳಿ, ಅವರ ಕೈಗೆ ಕೊಡಬೇಡಿ. ಅವಳೇ ಮನೆಗೆ ಬಂದು ತೆಗೆದುಕೊಂಡು ಬರಲಿ.