ಔಷಧಕ್ಕೆ ಬಗ್ಗದ ಗಾಯ

ಮಾರ್ಚ್ ೧೪, ಗುರುವಾರ

ಮುದ್ದಿನ ಮಗಳಿಗೆ,

ನಿನಗೂ ಕೂಸಿಗೂ ಅಮ್ಮನ ಆಶೀರ್ವಾದ. ನೀವಿಬ್ಬರೂ ಮನೆಗೆ ಬಂದಿರೆಂದು ಅಳಿಯಂದಿರು ಫೋನಿನಲ್ಲಿ ಹೇಳಿದಾಗ ಲಾಯದ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟೆ. ಇಷ್ಟು ದಿನ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ನನ್ನ ಫೋನನ್ನಂತೂ ನೀನು ಎತ್ತುತ್ತಿಲ್ಲ. ಕಾಗದವಾದರೆ ಹರಿದು ಹಾಕುವ ಮುಂಚೆ ಒಂದೆರಡು ಸಾಲಾದರೂ ಕಣ್ಣಿಗೆ ಬೀಳುತ್ತದಲ್ಲ.

“ನಿಂಗೆ ಕುದುರೆಗಳೇ ಮಕ್ಕಳು ಬಿಡಮ್ಮ, ನಾನ್ಯಾರು?” ಎಂದು ನೀನು ಕೊನೆಯ ಸಲ ಅಂದದ್ದು ಇನ್ನೂ ಕಿವಿಯಲ್ಲಿದೆ. ಹೆರಿಗೆಗೆ ಬರುತ್ತೇನೆಂದು ಮಾತು ಕೊಟ್ಟವಳು ಬರಲಿಲ್ಲ, ನಿಜ. ಕಾರಣ ಹೇಳಬಾರದೆಂದು ಅಳಿಯಂದಿರ ಬಾಯಿ ಕಟ್ಟಿದವಳೂ ನಾನೇ. ನಿನ್ನ ರಕ್ತದೊತ್ತಡ ಏರಿತ್ತು. ಅವರ ಮೇಲೆ ಮುನಿಸಿಕೊಳ್ಳಬೇಡ.

ಸವಾರಿ ಶಾಲೆಯ ಬಿಳಿ ಕುದುರೆ ನಿನಗೆ ಗೊತ್ತು. ಮಕ್ಕಳೆಲ್ಲ ಅವಳನ್ನು ಟೀಚರ್ ಎನ್ನುತ್ತಾರೆ. ಬೆನ್ನ ಮೇಲಿನ ಮಗು ಸ್ವಲ್ಪ ಜಾರಿದರೂ ನಿಂತುಬಿಡುತ್ತಾಳೆ, ಸರಿಯಾಗಿ ಕೂರುವವರೆಗೆ ಹೆಜ್ಜೆ ಇಡುವುದಿಲ್ಲ. ಅವಳು ಕರುಳು ತಿರುಚಿಕೊಂಡು ನಮ್ಮ ಕುದುರೆ ಆಸ್ಪತ್ರೆಗೆ ಬಂದಳು. ನಾನೇ ಆಪರೇಷನ್ ಮಾಡಿದೆ. ಕರುಳು ಸರಿಹೋಯಿತು, ಹುಲ್ಲು ತಿನ್ನಲೂ ಶುರುಮಾಡಿದಳು. ನಿನ್ನ ಹತ್ತಿರ ಬರಲು ಬಟ್ಟೆ ಜೋಡಿಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವಳಿಗೆ ಜ್ವರ. ಹೊಟ್ಟೆಯ ಹೊಲಿಗೆಯಿಂದ ಕೀವು ಒಸರತೊಡಗಿತು. ಎಂದಿನ ಆ್ಯಂಟಿಬಯೋಟಿಕ್ ಕೊಟ್ಟೆವು, ಅದಕ್ಕಿಂತ ಜೋರಿನದನ್ನೂ ಕೊಟ್ಟೆವು. ಜ್ವರ ಜಗ್ಗಲಿಲ್ಲ.

ಕೀವನ್ನು ಪರೀಕ್ಷೆಗೆ ಕಳಿಸಿದ್ದೆ. ಲ್ಯಾಬಿನ ಹುಡುಗಿ ಕೀವಿನ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯನ್ನೇ ಹಿಡಿದುಕೊಂಡು ಬಂದಳು.

“ನೋಡಿ ಮೇಡಂ, ಔಷಧ ಕೆಲಸ ಮಾಡಿದ್ರೆ ಈ ಔಷಧದ ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಸತ್ತು ಬೋಳು ಜಾಗ ಕಾಣ್ಬೇಕಿತ್ತು. ಇವು ಬಿಲ್ಲೆ ಅಂಚಿನವರೆಗೂ ಬೆಳೆದಿವೆ.”

“ಒಂದಕ್ಕೂ ಬಗ್ಗಿಲ್ವಾ?”

“ಈ ಒಂದು ಹಳೇ ಔಷಧಕ್ಕೆ ಚೂರು ಹೆದರಿವೆ. ಚೂರೇ.”

ಅದೇ ವಾರ ಪಕ್ಕದ ಲಾಯದ ಇನ್ನೊಂದು ಕುದುರೆಯ ಗಾಯದಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ನಮ್ಮ ಆಸ್ಪತ್ರೆಯ ಮುಖ್ಯಸ್ಥರು ಕರೆದರು. ಒಳ್ಳೆಯ ಮನುಷ್ಯ, ಆದರೆ ಮುಖ ಸಪ್ಪಗಿತ್ತು. “ಡಾಕ್ಟರೇ, ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡೋಣ. ಅವಳೊಬ್ಬಳಿಂದ ಇಡೀ ಆಸ್ಪತ್ರೆಗೆ ಹಬ್ಬುತ್ತೆ” ಎಂದರು.

“ಅವಳಿಂದ್ಲೇ ಹಬ್ತಿದೆ ಅಂತ ಹೇಗೆ ಹೇಳ್ತೀರಿ ಸರ್? ಅವಳು ಕಟ್ಟಿದ ಜಾಗ ಬಿಟ್ಟು ಕದಲಿಲ್ಲ. ಓಡಾಡ್ತಿರೋರು ನಾವು” ಎಂದೆ.

ಅವರು ನನಗೆ ಕಾಲಾವಕಾಶ ಕೊಟ್ಟರು. ಟೀಚರನ್ನು ಹಿಂದಿನ ಒಂಟಿ ಲಾಯಕ್ಕೆ ಸಾಗಿಸಿದೆವು. ಅವಳಿಗೇ ಬೇರೆ ಬಕೆಟ್ಟು, ಬೇರೆ ಬ್ರಷ್ಷು, ಬೇರೆ ಬೂಟು. ಹತ್ತಿಕಡ್ಡಿ ಹಿಡಿದು ನಲ್ಲಿ, ಚಿಲಕ, ಹಗ್ಗ, ಸ್ಟೆತಾಸ್ಕೋಪು ಎಲ್ಲವನ್ನೂ ಒರೆಸಿ ಲ್ಯಾಬಿಗೆ ಕಳಿಸಿದೆವು. ಕೊನೆಗೆ ನಮ್ಮ ಮೂಗುಗಳ ಸರದಿ. ನಮ್ಮ ಕಿರಿಯ ಡಾಕ್ಟರ್ ಸೀನಿ ಸೀನಿ, “ಮೇಡಂ, ನನ್ನ ಮೂಗಲ್ಲಿ ಏನಾದ್ರೂ ಇದ್ದಿದ್ರೆ ಈಗ ಖಂಡಿತ ನಿಮ್ಮ ಮೇಲಿದೆ” ಎಂದು ಎಲ್ಲರನ್ನೂ ನಗಿಸಿದ.

ಅವನ ಮೂಗಿನಲ್ಲಿ ಏನೂ ಇರಲಿಲ್ಲ. ಇದ್ದದ್ದು ನನ್ನದರಲ್ಲಿ.

ನನಗೆ ಜ್ವರವಿಲ್ಲ, ನೆಗಡಿಯಿಲ್ಲ. ಗಟ್ಟಿಮುಟ್ಟಾದವರ ಮೂಗಿನಲ್ಲಿ ಅದು ತಣ್ಣಗೆ ಕೂತಿರುತ್ತದಂತೆ. ಹಸಿ ಗಾಯವೋ ಎಳೆಗೂಸೋ ಸಿಕ್ಕಿದರೆ ಮಾತ್ರ ತನ್ನ ಬುದ್ಧಿ ತೋರಿಸುತ್ತದೆ. ಟೀಚರಿಗೆ ನನ್ನಿಂದ ಬಂತೋ, ನನಗೆ ಅವಳಿಂದ ಬಂತೋ, ಯಾರೂ ಹೇಳಲಾರರು. ಆ ಫಲಿತಾಂಶ ಕೈಯಲ್ಲಿ ಹಿಡಿದಿದ್ದಾಗಲೇ ಅಳಿಯಂದಿರ ಫೋನು ಬಂತು: ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು, ಹೆಣ್ಣುಮಗು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಮಗಳೇ, ಆ ದಿನ ನಾನು ಬಂದಿದ್ದೆ. ನಿನ್ನ ಆಸ್ಪತ್ರೆಯ ಎದುರಿನ ಔಷಧದಂಗಡಿಯ ಪಕ್ಕ ನಿಂತಿದ್ದೆ. ಅಳಿಯಂದಿರು ಮೇಲಿನ ಕಿಟಕಿಯ ಪರದೆ ಸರಿಸಿ, ಇದೇ ಕೋಣೆ ಎಂದು ಕೈ ತೋರಿಸಿದರು. ನೋಡಿಕೊಂಡು ವಾಪಸು ಬಂದೆ.

ಬಂದವಳು ಕೆಲಸಕ್ಕೆ ಬಿದ್ದೆ. ಮುಖವಾಡ, ಕೈಗವಸು ಹಾಕಿಕೊಂಡು ಟೀಚರ್ ಒಬ್ಬಳ ಲಾಯಕ್ಕೆ ಮಾತ್ರ ಹೋಗುತ್ತಿದ್ದೆ. ಹೊಲಿಗೆ ಬಿಚ್ಚಿ ಗಾಯವನ್ನು ತೆರೆದಿಟ್ಟು, ದಿನವೂ ತೊಳೆದು, ಕೊಳೆತದ್ದನ್ನು ಕೆರೆದು ತೆಗೆದೆವು. ಕೆಲಸಕ್ಕೆ ಬಾರದ ಔಷಧಗಳನ್ನೆಲ್ಲ ನಿಲ್ಲಿಸಿ, ಆ ಒಂದು ಹಳೆಯದನ್ನು ಮಾತ್ರ ಕೊಟ್ಟೆವು. ಮೊದಮೊದಲು ಅವಳು ತಲೆಯನ್ನೂ ಎತ್ತುತ್ತಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಗಾಯದ ತಳದಲ್ಲಿ ಗುಲಾಬಿ ಬಣ್ಣದ ಹೊಸ ಮಾಂಸ ಕಂಡಿತು. ಲ್ಯಾಬಿನ ಹುಡುಗಿಯನ್ನು ಕೂಗಿ ಕರೆದು ತೋರಿಸಿದೆ. ಮುಖ್ಯಸ್ಥರೂ ಬಂದು ಬಗ್ಗಿ ನೋಡಿ, “ಅಂತೂ ಗೆದ್ರಿ” ಎಂದರು. “ಇನ್ನೂ ಇಲ್ಲ ಸರ್, ಆದ್ರೆ ಸೋಲಲ್ಲ” ಎಂದೆ.

ಈಗ ಗಾಯ ಮುಕ್ಕಾಲು ಕೂಡಿದೆ. ಪಕ್ಕದ ಲಾಯದ ಕುದುರೆ ಮನೆಗೆ ಹೋಯಿತು. ಹೊಸದಾಗಿ ಯಾವುದಕ್ಕೂ ಹಬ್ಬಿಲ್ಲ. ಟೀಚರ್ ನಿನ್ನೆ ಅಂಗಳದಲ್ಲಿ ಒಂದು ಸುತ್ತು ನಡೆದು, ಕಿರಿಯ ಡಾಕ್ಟರನ ಜೇಬಿಗೆ ಬಾಯಿ ಹಾಕಿ ಅವನ ತಿಂಡಿಯನ್ನು ಪೊಟ್ಟಣದ ಸಮೇತ ಮುಗಿಸಿದಳು. ನನ್ನ ಮೂಗಿಗೂ ಮುಲಾಮು ಹಚ್ಚಿ ಹಚ್ಚಿ ಸಾಕಾಗಿತ್ತು. ಮೇಲಿಂದ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ. ನಿಮ್ಮ ಮಕ್ಕಳ ಡಾಕ್ಟರ ಹತ್ತಿರವೂ ಮಾತಾಡಿದೆ. “ಕೈ ತೊಳ್ಕೊಂಡು ಧಾರಾಳವಾಗಿ ಎತ್ಕೊಳ್ಳಿ ಅಜ್ಜಿ” ಎಂದರು. ಅಜ್ಜಿ ಎಂದು ನನ್ನನ್ನು ಮೊದಲು ಕರೆದವರು ಅವರೇ!

ಭಾನುವಾರ ಬರುತ್ತೇನೆ. ಬೇಡ ಎನ್ನುವುದಾದರೆ ಅಳಿಯಂದಿರ ಕೈಲಿ ಹೇಳಿಸಬೇಡ, ನೀನೇ ಹೇಳು, ಆ ನೆಪದಲ್ಲಾದರೂ ನಿನ್ನ ದನಿ ಕೇಳುತ್ತೇನೆ. ಹೊತ್ತು ಹೊತ್ತಿಗೆ ಊಟ ಮಾಡು, ಕೂಸು ಮಲಗಿದಾಗ ನೀನೂ ಮಲಗು. ನಿಮ್ಮ ಮೂವರ ಬಾಳೂ ತಂಪಾಗಿರಲಿ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನಗಿಂತ ಮುಂಚೆ ನನಗೊಂದು ಗಂಡುಮಗು ಹುಟ್ಟಿತ್ತು. ಅವನೂ ದಿನ ತುಂಬುವ ಮುಂಚೆ ಬಂದವನು, ಅವನೂ ಗಾಜಿನ ಪೆಟ್ಟಿಗೆಯಲ್ಲಿದ್ದವನು. ಎಲ್ಲಿಂದಲೋ ಸೋಂಕು ತಗುಲಿತು, ಯಾವ ಔಷಧವೂ ಹಿಡಿಯಲಿಲ್ಲ. ಯಾರ ಕೈಯಿಂದ ಬಂತೆಂದು ಕೊನೆಗೂ ಗೊತ್ತಾಗಲಿಲ್ಲ. ನಿನ್ನ ಅಪ್ಪನೂ ನಾನೂ ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಅವನನ್ನು ನನ್ನ ತೋಳಿಗೆ ಕೊಟ್ಟದ್ದು ಒಂದೇ ಸಲ, ಎಲ್ಲ ಮುಗಿದ ಮೇಲೆ. ಭಾನುವಾರ ನಿನ್ನ ಮಗಳನ್ನು ಎತ್ತಿಕೊಂಡವಳು ಬೇಗ ಕೆಳಗಿಳಿಸದಿದ್ದರೆ, ಒಂದು ಚೂರು ತಾಳಿಕೋ.