ಹಿತಾಳ ರಿಟರ್ನ್‌ನ ಎರಡನೆಯ ಪ್ರತಿ

ಅಲ್ ಅಮೇರಾತ್, ಮಸ್ಕತ್
ಫೆಬ್ರವರಿ ೨೦

ಶ್ರೀ ಸುಕೇಶ್ ಅವರಿಗೆ ನಮಸ್ಕಾರ.

ನಮ್ಮ ಮಗಳು ಹಿತಾಳ ಅಮೆರಿಕದ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ನೀವು ಕೇಳಿದ್ದ ವಿವರಗಳನ್ನು ಕಳಿಸುವುದು ತಡವಾಯಿತು. ಇಲ್ಲಿ ನಮ್ಮ ಸಂಬಳಕ್ಕೆ ತೆರಿಗೆಯಿಲ್ಲ. ರಿಟರ್ನ್ ತುಂಬಿ ಗೊತ್ತಿಲ್ಲದವನು ನಾನು, ನಿಮ್ಮ ಪ್ರಶ್ನೆಗಳನ್ನು ಎರಡೆರಡು ಸಲ ಓದಬೇಕಾಯಿತು.

ಅವಳ ವಿದ್ಯಾರ್ಥಿ ವೀಸಾ ಕೆಲಸದ ವೀಸಾ ಆದದ್ದು ಅಕ್ಟೋಬರ್ ಒಂದರಂದು. ಅಂದೇ ಫೋನ್ ಮಾಡಿದ್ದಳು. "ಅಪ್ಪಾ, ಇನ್ನು ನಂಗೆ ಪೂರ್ತಿ ಟ್ಯಾಕ್ಸ್ ಹಿಡೀತಾರೆ. ನೀವಂತೂ ಒಂದ್ಸಲಾನೂ ಕಟ್ಟಿಲ್ಲ. ನಾನೀಗ ನಿಮಗಿಂತ ದೊಡ್ಡ ಮನುಷ್ಯಳು" ಎಂದು ನಕ್ಕಿದ್ದಳು. ಅಪಘಾತವಾದದ್ದು ನವೆಂಬರಿನಲ್ಲಿ. ಮರಣ ಪ್ರಮಾಣಪತ್ರ ಲಗತ್ತಿಸಿದ್ದೇನೆ.

ಸಹಿ ಯಾರದೆಂದು ಕೇಳಿದ್ದೀರಿ. ನನ್ನದೇ. ಶಾಲೆಯ ಮಾರ್ಕ್ಸ್ ಕಾರ್ಡಿಗೂ ನಾನೇ ಹಾಕುತ್ತಿದ್ದೆ.

ಹೆಸರಿನ ಪಕ್ಕದಲ್ಲಿ 'ಮೃತರು' ಎಂದು ಬರೆಯಲೇಬೇಕು ಎಂದಿದ್ದೀರಿ. ಸರ್ಕಾರಕ್ಕೆ ಹಾಗೆಯೇ ಕಳಿಸಿ. ಆದರೆ ಆ ಪದವಿಲ್ಲದ ಇನ್ನೊಂದು ಪ್ರತಿಯನ್ನು ಮನೆಗೆ ಕಳಿಸಲು ಸಾಧ್ಯವೇ? ಹೊಸ ಕೆಲಸದ್ದು ಏನು ಬಂದರೂ ದೇವರ ಮುಂದಿಟ್ಟು ಕುಂಕುಮ ಹಚ್ಚುವುದು ನಮ್ಮ ಮನೆಯ ರೂಢಿ. "ಮೊದಲ ರಿಟರ್ನ್ ಕಳಿಸು, ಹಚ್ಚಿಡ್ತೀನಿ" ಎಂದು ನನ್ನ ಹೆಂಡತಿ ನೀರಜಾ ಅವತ್ತು ಮಗಳಿಗೆ ಹೇಳಿದ್ದಳು. ಈಗಲೂ ಅದು ಬಂತೇ ಎಂದು ಕೇಳುತ್ತಾಳೆ.

ವರ್ಷಾಬ್ದಿಕ ಆಗುವವರೆಗೆ ನಮ್ಮಲ್ಲಿ ಹಬ್ಬ ಹರಿದಿನವಿಲ್ಲ. ಆದರೂ ಇದೊಂದನ್ನು ನೀರಜಾಳಿಗೆ ಬೇಡ ಎನ್ನಲು ನನ್ನಿಂದಾಗುವುದಿಲ್ಲ.

ನಿಮ್ಮ ಉತ್ತರ ಕಾಯುತ್ತಿರುವ,
ಹಿತಾಳ ತಂದೆ,
ಗೋಪಾಲಕೃಷ್ಣ